ಗಟ್ಟಿ ನೆಲದ ಮೇಲಿನ ಮನೆ

ಬೆಂಗಳೂರಿನವರು ತಮ್ಮ ಊರನ್ನು ಹೊಗಳಿಕೊಳ್ಳಲು ಹೊರಟರೆ ಮೊದಲು ಬರುವುದು ಹವೆಯ ಮಾತು. ಆಮೇಲಿನದು, "ನಮ್ಮಲ್ಲಿ ಚಂಡಮಾರುತವಿಲ್ಲ, ಭೂಕಂಪವಿಲ್ಲ" ಎನ್ನುವ ಮಾತು. ಹವೆಯ ವಿಷಯದಲ್ಲಿ ಈಚೆಗೆ ನಾವೇ ಸ್ವಲ್ಪ ದನಿ ತಗ್ಗಿಸಿದ್ದೇವೆ. ಭೂಕಂಪದ ಮಾತನ್ನು ಮಾತ್ರ ಇನ್ನೂ ಎದೆಯುಬ್ಬಿಸಿ ಹೇಳುತ್ತೇವೆ. ನಮ್ಮ ತ್ಯಾಗರಾಜನಗರದವರಿಗಂತೂ ಈ ನಂಬಿಕೆಗೆ ಸಾಕ್ಷಿ ನಡೆದು ಹೋಗುವಷ್ಟು ಹತ್ತಿರದಲ್ಲೇ ಇದೆ. ಒಂದು ಕಡೆ ಬಸವನಗುಡಿಯ ಕಹಳೆ ಬಂಡೆ, ಇನ್ನೊಂದು ಕಡೆ ಲಾಲ್‌ಬಾಗಿನ ಬಂಡೆ. ಇಷ್ಟು ಕಲ್ಲು ಕಾಲಡಿಯಲ್ಲಿರುವಾಗ ನೆಲ ನಡುಗುವುದಾದರೂ ಹೇಗೆ?

ನಮ್ಮ ಬೀದಿಯಲ್ಲಿ ಎರಡು ಮನೆಗೊಂದರಂತೆ ಮಗನೋ ಮಗಳೋ ಹೊರದೇಶದಲ್ಲಿದ್ದಾರೆ. ಟೀವಿಯಲ್ಲಿ ಜಪಾನಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಭೂಕಂಪವೆಂಬ ಸುದ್ದಿ ಬಂದರೆ ಸಾಕು, ಇಲ್ಲಿನ ತಾಯಂದಿರ ಫೋನುಗಳಿಗೆ ಬಿಡುವಿರುವುದಿಲ್ಲ. ಹಾಗೆ ಮಗಳ ದನಿ ಕೇಳಿ ಸಮಾಧಾನಪಟ್ಟುಕೊಂಡ ಎದುರುಮನೆಯ ಅಜ್ಜಿ ಒಮ್ಮೆ ನನ್ನನ್ನು ಕೇಳಿದರು: "ಅಲ್ಲಮ್ಮಾ, ಆ ದೇಶಗಳಿಗೇ ಯಾಕೆ ಮತ್ತೆ ಮತ್ತೆ ಈ ಕಷ್ಟ? ಅವರೇನು ಪಾಪ ಮಾಡಿದ್ದಾರೆ?" ಅಜ್ಜಿಯದು ಒಂದೇ ಉಸಿರಿನಲ್ಲಿ ಬಂದ ಎರಡು ಪ್ರಶ್ನೆ. ಎರಡಕ್ಕೂ ಉತ್ತರ ಬೇರೆ ಬೇರೆ.

ಪಾಪದ ಪ್ರಶ್ನೆ ಬಹಳ ಹಳೆಯದು. ಭೂಮಿಯನ್ನು ಆದಿಶೇಷ ಹೊತ್ತಿದ್ದಾನೆ, ಅವನು ಹೆಡೆ ಬದಲಿಸಿದಾಗ ನೆಲ ಅಲುಗುತ್ತದೆ ಎಂದು ನಮ್ಮ ಅಜ್ಜಿಯಂದಿರು ಕತೆ ಹೇಳಿದ್ದಾರೆ. ಜಪಾನಿನವರ ಕತೆಯಲ್ಲಿ ಆ ಕೆಲಸ ನೆಲದಡಿಯ ದೊಡ್ಡ ಮೀನಿನದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಭೂಕಂಪದ ಲಕ್ಷಣಗಳಿಗೆಂದೇ ಒಂದು ಅಧ್ಯಾಯವಿದೆ. ತೀರಾ ಈಚೆಗೆ, 1934ರ ಜನವರಿಯಲ್ಲಿ ಬಿಹಾರದಲ್ಲಿ ಭೂಮಿ ನಡುಗಿ ಸಾವಿರಾರು ಜನ ಸತ್ತಾಗ, ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಗಾಂಧೀಜಿ ಹೇಳಿದರು. ರವೀಂದ್ರನಾಥ ಠಾಕೂರರು ಇದನ್ನು ಒಪ್ಪಲಿಲ್ಲ. ಅಸ್ಪೃಶ್ಯತೆಯನ್ನು ವಿರೋಧಿಸುವುದರಲ್ಲಿ ಅವರೇನೂ ಹಿಂದಿರಲಿಲ್ಲ. ಆದರೆ ಪ್ರಕೃತಿಯ ಘಟನೆಯನ್ನು ನೀತಿಯ ಲೆಕ್ಕಕ್ಕೆ ಜೋಡಿಸಬಾರದು ಎಂಬುದು ಅವರ ವಾದ. ಗಾಂಧೀಜಿ ಆ ಆಕ್ಷೇಪಣೆಯನ್ನು ತಮ್ಮ ಪತ್ರಿಕೆಯಲ್ಲೇ ಪ್ರಕಟಿಸಿ ಉತ್ತರ ಕೊಟ್ಟರು.

ಇನ್ನು ಮೊದಲನೆಯ ಪ್ರಶ್ನೆ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಹೊಲಿಯುವ ಕೌದಿಯನ್ನು ನೀವು ನೋಡಿರುತ್ತೀರಿ. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಕೂಡಿಸಿ ಹೊಲಿದ ಹೊದಿಕೆ ಅದು. ಭೂಮಿಯ ಹೊರಕವಚವೂ ಅಂಥದೇ. ಏಳೆಂಟು ದೊಡ್ಡ ತುಂಡುಗಳು, ಇನ್ನಷ್ಟು ಸಣ್ಣ ತುಂಡುಗಳು. ವಿಜ್ಞಾನಿಗಳು ಇವನ್ನು ಫಲಕಗಳು ಎನ್ನುತ್ತಾರೆ. ಕೌದಿಗೂ ಇದಕ್ಕೂ ಒಂದೇ ವ್ಯತ್ಯಾಸ: ಕೌದಿಯ ತುಂಡುಗಳು ಸುಮ್ಮನಿರುತ್ತವೆ, ಭೂಮಿಯ ತುಂಡುಗಳು ಒಳಗಿನ ಬಿಸಿಯ ದೆಸೆಯಿಂದ ಸದಾ ಸರಿಯುತ್ತಿರುತ್ತವೆ. ವರ್ಷಕ್ಕೆ ಕೆಲವು ಸೆಂಟಿಮೀಟರ್ ಅಷ್ಟೆ. ಆದರೆ ಅಂಚಿಗೆ ಅಂಚು ಸಿಕ್ಕಿಕೊಂಡಾಗ ಸರಿಯುವುದು ನಿಂತು, ಒತ್ತಡ ಸೇರುತ್ತಾ ಹೋಗುತ್ತದೆ. ಹತ್ತಾರು, ನೂರಾರು ವರ್ಷ ಸೇರಿದ ಒತ್ತಡ ಒಂದು ಗಳಿಗೆಯಲ್ಲಿ ಬಿಚ್ಚಿಕೊಂಡರೆ ಅದೇ ಭೂಕಂಪ.

ಆದ್ದರಿಂದ ಹೊಲಿಗೆಯ ಮೇಲೆ ಕೂತ ದೇಶಗಳಿಗೆ ಕಷ್ಟ ಹೆಚ್ಚು. ಪೆಸಿಫಿಕ್ ಸಾಗರದ ಸುತ್ತಲೂ ಇಂಥ ಹೊಲಿಗೆ ಬಳೆಯ ಹಾಗೆ ಹಬ್ಬಿದೆ. ಜಗತ್ತಿನ ದೊಡ್ಡ ಭೂಕಂಪಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಆ ಬಳೆಯ ಮೇಲೆಯೇ ಆಗುತ್ತವೆ. ಜಪಾನು ನಾಲ್ಕು ಫಲಕಗಳು ಕೂಡುವ ಮೂಲೆಯಲ್ಲಿದೆ. ಚಿಲಿ ದೇಶದ ಕೆಳಗೆ ಸಾಗರದ ತಳವೇ ನುಗ್ಗುತ್ತಿದೆ. ಈವರೆಗೆ ಅಳೆದ ಭೂಕಂಪಗಳಲ್ಲಿ ಅತಿ ದೊಡ್ಡದು, 9.5ರ ತೀವ್ರತೆಯದು, 1960ರ ಮೇ 22ರಂದು ಆದದ್ದು ಅಲ್ಲಿಯೇ. ಟರ್ಕಿಯ ನೆಲ ಅರೇಬಿಯಾದ ಫಲಕಕ್ಕೂ ಯೂರೋಪು ಏಷ್ಯಾಗಳ ಫಲಕಕ್ಕೂ ಮಧ್ಯೆ ಸಿಕ್ಕಿ, ಬೆರಳುಗಳ ನಡುವೆ ಒತ್ತಿದ ಹುಣಸೆ ಬೀಜದ ಹಾಗೆ ಪಶ್ಚಿಮಕ್ಕೆ ಜಾರುತ್ತಿದೆ. ಇನ್ನು ನಮ್ಮ ಭಾರತದ ಫಲಕ ಸುಮಾರು ಐದು ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಹಾಯಿತು. ಹಾಯ್ದದ್ದು ಇನ್ನೂ ನಿಂತಿಲ್ಲ. ವರ್ಷಕ್ಕೆ ಸುಮಾರು 5 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಬೆಂಕಿಕಡ್ಡಿಯಷ್ಟು ಉತ್ತರಕ್ಕೆ ಸರಿಯುತ್ತಲೇ ಇದೆ. ಹಿಮಾಲಯ ಎದ್ದದ್ದು ಆ ಒತ್ತಡದಿಂದ. 1897ರಲ್ಲಿ ಶಿಲ್ಲಾಂಗ್, 1934ರಲ್ಲಿ ಬಿಹಾರ, 1950ರಲ್ಲಿ ಅಸ್ಸಾಂ, 2015ರಲ್ಲಿ ನೇಪಾಳ ನಡುಗಿದ್ದರ ಮೂಲವೂ ಅದೇ.

ಹಾಗಾದರೆ ನಾವು? ನಾವು ಕೌದಿಯ ತುಂಡಿನ ನಡುಭಾಗದಲ್ಲಿದ್ದೇವೆ, ಹೊಲಿಗೆಯಿಂದ ದೂರ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿ ಫಲಕ ಹಾಕಿದ್ದಾರೆ. ಅದರ ಮುಂದೆ ಹಿಮಾಲಯ ಇನ್ನೂ ಎಳೆಯ ಕೂಸು. ಇಂಥ ಮುದಿ, ತಣ್ಣಗಿನ, ಗಟ್ಟಿ ಶಿಲೆಯ ನೆಲ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಎಷ್ಟು ಶಾಂತವೆಂದರೆ, 1965ರಲ್ಲಿ ಅಣುಶಕ್ತಿ ಇಲಾಖೆಯವರು ದೂರದ ದೇಶಗಳ ಭೂಗತ ಅಣುಸ್ಫೋಟಗಳನ್ನು ಕೇಳಿಸಿಕೊಳ್ಳಲು ಕಂಪನಮಾಪಕಗಳ ಸಾಲನ್ನು ಹೂಡಿದ್ದು ನಮ್ಮ ಗೌರಿಬಿದನೂರಿನಲ್ಲಿ. ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಬೀದಿಯ ಸಣ್ಣ ಸದ್ದೂ ಕೇಳುವಂತೆ, ಆ ನಿಶ್ಶಬ್ದ ನೆಲದಲ್ಲಿ ಜಗತ್ತಿನ ಇನ್ನೊಂದು ಮೂಲೆಯ ಅಲುಗಾಟವೂ ದಾಖಲಾಗುತ್ತದೆ.

ಇಲ್ಲಿಯವರೆಗೆ ನಮ್ಮ ಹಿರಿಯರ ಮಾತು ನಿಜವೇ. ಆದರೆ ಶಾಂತವಾದ ನೆಲ ಎಂದರೆ ನಡುಗದ ನೆಲವೆಂದು ಅರ್ಥವಲ್ಲ. ತುಂಡಿನ ಅಂಚನ್ನು ಒತ್ತಿದರೆ ನಡುಭಾಗಕ್ಕೂ ಬಿಗಿ ತಟ್ಟುತ್ತದೆ. ಹಳೆಯ ಶಿಲೆಯಲ್ಲಿ ಹಳೆಯ ಬಿರುಕುಗಳೂ ಇರುತ್ತವೆ. ಎಲ್ಲೋ ಒಂದು ಕಡೆ, ಯಾವಾಗಲೋ ಒಮ್ಮೆ, ಬಿಗಿ ತಾಳಲಾರದೆ ಅದು ಜಾರುತ್ತದೆ. 1843ರಲ್ಲಿ ಬಳ್ಳಾರಿಯ ಕಡೆ ನೆಲ ನಡುಗಿತ್ತು. 1900ರ ಫೆಬ್ರವರಿಯಲ್ಲಿ ಕೊಯಮತ್ತೂರಿನ ಹತ್ತಿರ ಆದ, ಸುಮಾರು 6ರ ತೀವ್ರತೆಯ ಭೂಕಂಪ ದಕ್ಷಿಣ ಭಾರತದ ಬಹುಭಾಗಕ್ಕೆ ತಿಳಿಯಿತು. 1967ರ ಡಿಸೆಂಬರ್ 11ರ ನಸುಕಿನಲ್ಲಿ, ಬೆಳಗಾವಿಯ ಆಚೆ, ಮಹಾರಾಷ್ಟ್ರದ ಕೊಯ್ನಾದಲ್ಲಿ ನೂರೆಂಬತ್ತರಷ್ಟು ಜನ ಸತ್ತರು. ಅಲ್ಲಿ ಅಣೆಕಟ್ಟಿನ ಹಿಂದೆ ತುಂಬಿದ ನೀರು ಬಿರುಕುಗಳಿಗಿಳಿದು ನೆಲವನ್ನು ಸಡಿಲಿಸಿತೆಂದು ವಿಜ್ಞಾನಿಗಳು ವಿವರಿಸಿದರು. ಇನ್ನೂ ಒಂದು ಮಾತು. ಮುದಿ ಶಿಲೆ ಕಂಪನವನ್ನು ಬೇಗ ಹೀರಿಕೊಳ್ಳುವುದಿಲ್ಲ, ದೂರದೂರಕ್ಕೆ ಸಾಗಿಸುತ್ತದೆ. ಕಂಚಿನ ಗಂಟೆಗೂ ಮಣ್ಣಿನ ಮಡಕೆಗೂ ಇರುವ ವ್ಯತ್ಯಾಸ. ನಮಗೆ ನೆಮ್ಮದಿ ಕೊಟ್ಟ ಅದೇ ಬಂಡೆ ದೂರದ ಸುದ್ದಿಯನ್ನು ನಮ್ಮ ಹೊಸ್ತಿಲಿಗೂ ತರಬಲ್ಲದು.

ಈ ಪಾಠವನ್ನು ಅತ್ಯಂತ ಕ್ರೂರವಾಗಿ ಕಲಿಸಿದ್ದು ಕಿಲ್ಲಾರಿ. ನಮ್ಮ ಬೀದರ, ಕಲಬುರಗಿ ಜಿಲ್ಲೆಗಳಿಗೆ ಹತ್ತಿರದ, ಲಾತೂರು ಜಿಲ್ಲೆಯ ಹಳ್ಳಿ ಅದು. 1993ರ ಸೆಪ್ಟೆಂಬರ್ 29ರಂದು ಅನಂತ ಚತುರ್ದಶಿ. ಜನ ಗಣಪತಿಯನ್ನು ನೀರಿಗೆ ಬಿಟ್ಟು ಬಂದು, ದಣಿದು ಮಲಗಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಕೆಲವೇ ನಿಮಿಷ ಇರುವಾಗ 6.2ರ ತೀವ್ರತೆಯಲ್ಲಿ ನೆಲ ಅದುರಿತು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸತ್ತವರು ಸುಮಾರು ಹತ್ತು ಸಾವಿರ. ಜಪಾನಿನಲ್ಲಿ ಅಷ್ಟೇ ತೀವ್ರತೆಯ ಭೂಕಂಪಕ್ಕೆ ಸತ್ತವರನ್ನು ಬೆರಳಲ್ಲಿ ಎಣಿಸಿ ಮುಗಿಸುವುದುಂಟು.

ಇಲ್ಲಿ ಹತ್ತು ಸಾವಿರ ಯಾಕೆ? ಆ ಸೀಮೆಯ ಮನೆಗಳನ್ನು ಕಂಡವರಿಗೆ ಗೊತ್ತು. ನಮ್ಮ ಕಲಬುರಗಿ, ವಿಜಯಪುರದ ಕಡೆಯೂ ಅಂಥವೇ ಮಾಳಿಗೆ ಮನೆಗಳು. ಕೆಸರುಮಣ್ಣಿನಲ್ಲಿ ಗುಂಡುಕಲ್ಲು ಪೇರಿಸಿದ ದಪ್ಪ ಗೋಡೆ. ಮೇಲೆ ಮರದ ತೊಲೆ, ಅದರ ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯ ಉರಿಗೆ ಒಳಗೆ ತಂಪು. ಮಳೆಗಾಲದಲ್ಲಿ ಸೋರಿದರೆ ಇನ್ನೊಂದಿಷ್ಟು ಮಣ್ಣು ಹಾಕುವುದು. ಹೀಗೆ ವರ್ಷ ವರ್ಷ ತಲೆಯ ಮೇಲಿನ ಭಾರ ಬೆಳೆಯುತ್ತದೆ. ಗೋಡೆಯ ಹೊರಮುಖದ ಕಲ್ಲಿಗೂ ಒಳಮುಖದ ಕಲ್ಲಿಗೂ ಹಿಡಿತವಿಲ್ಲ. ನೆಲ ಅತ್ತಿತ್ತ ಜಗ್ಗಿದಾಗ ಗೋಡೆ ಎರಡು ಹೋಳಾಗಿ ಬಿಚ್ಚಿಕೊಂಡಿತು, ಮಾಳಿಗೆ ಮಲಗಿದವರ ಮೇಲೆ ಕುಸಿಯಿತು. ಬಿಸಿಲಿನಿಂದ ಕಾಪಾಡುತ್ತಿದ್ದ ಮನೆಯೇ ಸಮಾಧಿಯಾಯಿತು.

ಅದಕ್ಕೆ ಹಿಂದಿನ ವರ್ಷ, 1992ರಲ್ಲಿ, ಅದೇ ಕಿಲ್ಲಾರಿಯಲ್ಲಿ ಸಣ್ಣ ಸಣ್ಣ ಅದುರುವಿಕೆಗಳು ಆಗಿದ್ದವು. ಆದರೆ ಆಗಿನ ಸರ್ಕಾರಿ ನಕ್ಷೆಯಲ್ಲಿ ಆ ಪ್ರದೇಶ ಒಂದನೆಯ ವಲಯ, ಎಂದರೆ ಭೂಕಂಪದ ಭಯ ಅತ್ಯಂತ ಕಡಿಮೆ ಇರುವ ಜಾಗ. 2002ರಲ್ಲಿ ನಕ್ಷೆಯನ್ನು ತಿದ್ದಿದಾಗ ಆ ಒಂದನೆಯ ವಲಯವನ್ನೇ ತೆಗೆದುಹಾಕಿ ಎರಡನೆಯದಕ್ಕೆ ಸೇರಿಸಿದರು. ಬೆಂಗಳೂರು ಆ ಎರಡನೆಯ ವಲಯದಲ್ಲಿ ಬಂತು. ಇಡೀ ಭಾರತದಲ್ಲಿ ಭಯವೇ ಇಲ್ಲದ ನೆಲವೆಂಬುದು ಕಾಗದದ ಮೇಲೂ ಉಳಿಯಲಿಲ್ಲ. ಹತ್ತು ಸಾವಿರ ಜನ ತೆತ್ತ ಬೆಲೆಗೆ ನಮಗೆ ಸಿಕ್ಕ ತಿದ್ದುಪಡಿ ಅದು.

2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಮತ್ತೆ ಮತ್ತೆ ನೆಲ ಅದುರಿತು. ದೊಡ್ಡದು 4ರ ಆಸುಪಾಸಿನದು. ಜನ ಮಕ್ಕಳುಮರಿಗಳನ್ನು ಕಟ್ಟಿಕೊಂಡು ರಾತ್ರಿಯೆಲ್ಲ ಬಯಲಲ್ಲಿ ಕಳೆದರು. ಕಿಲ್ಲಾರಿಯ ನೆನಪಿರುವ ಸೀಮೆಯವರಿಗೆ ಆ ಭಯ ಸಹಜವೇ. ಅದೇ ವರ್ಷದ ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರ, 2022ರ ಜೂನಿನಲ್ಲಿ ಕೊಡಗು ಮತ್ತು ಸುಳ್ಯದ ಗಡಿ ಹೀಗೆಯೇ ಸಣ್ಣಗೆ ಅದುರಿದವು. ಇವು ದೊಡ್ಡದೊಂದಕ್ಕೆ ಮುನ್ಸೂಚನೆ ಎಂದು ಹೇಳಲು ಯಾರಿಂದಲೂ ಆಗದು. ಭೂಕಂಪದ ದಿನ, ಗಳಿಗೆಯನ್ನು ಮುಂಚೆಯೇ ಹೇಳುವ ವಿದ್ಯೆ ಇನ್ನೂ ಯಾವ ದೇಶದ ಕೈಗೂ ಬಂದಿಲ್ಲ. ಹೇಳುತ್ತೇನೆಂದು ಬಂದವರನ್ನು ನಂಬಬೇಡಿ.

ಕೈಯಲ್ಲಿರುವುದು ಬೇರೆ. 2010ರ ಎರಡು ಭೂಕಂಪಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಜನವರಿಯಲ್ಲಿ ಹೈಟಿ ದೇಶದಲ್ಲಿ 7ರ ತೀವ್ರತೆಯದು. ಸತ್ತವರು ಒಂದು ಲಕ್ಷಕ್ಕೂ ಹೆಚ್ಚು. ಫೆಬ್ರವರಿಯಲ್ಲಿ ಚಿಲಿಯಲ್ಲಿ 8.8ರದು. ಬಿಡುಗಡೆಯಾದ ಶಕ್ತಿ ಹೈಟಿಯದಕ್ಕಿಂತ ಐನೂರು ಪಟ್ಟು. ಸತ್ತವರು ಐನೂರರ ಆಸುಪಾಸು, ಅವರಲ್ಲೂ ಹಲವರು ಸಮುದ್ರದ ಅಲೆಗೆ ಸಿಕ್ಕವರು. ಚಿಲಿಯವರು 1960ನ್ನು ಮರೆತಿರಲಿಲ್ಲ. ಅಲ್ಲಿ ಕಾಯಿದೆ ಕಟ್ಟುನಿಟ್ಟಾಗಿತ್ತು. ಹೈಟಿಯ ರಾಜಧಾನಿಯಲ್ಲಿ ತಲೆಮಾರುಗಳಿಂದ ಅಂಥದ್ದು ಆಗಿರಲಿಲ್ಲ. ಬಡತನ ಒಂದು ಕಡೆ, ಮರೆವು ಇನ್ನೊಂದು ಕಡೆ.

ಜಪಾನಿನಲ್ಲಿ 1923ರ ಸೆಪ್ಟೆಂಬರ್ 1ರಂದು ಮಧ್ಯಾಹ್ನಕ್ಕೆ ಎರಡು ನಿಮಿಷ ಮುಂಚೆ, ಮನೆಮನೆಯಲ್ಲಿ ಒಲೆಯ ಮೇಲೆ ಊಟದ ಅಡಿಗೆ ಬೇಯುತ್ತಿದ್ದಾಗ, ಟೋಕಿಯೋ, ಯೊಕೊಹಾಮಾ ನಡುಗಿದವು. ಮರದ ಮನೆಗಳಿಗೆ ಒಲೆಯ ಬೆಂಕಿ ತಗಲಿ ಹಬ್ಬಿತು. ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು, ಬಹಳ ಜನ ಬೆಂಕಿಗೇ. ಮರುವರ್ಷವೇ ಕಟ್ಟಡಗಳಿಗೆ ಭೂಕಂಪದ ನಿಯಮ ಬಂತು. 1981ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಇಂದಿಗೂ ಸೆಪ್ಟೆಂಬರ್ 1ರಂದು ಶಾಲೆಯ ಮಕ್ಕಳಿಂದ ಹಿಡಿದು ಎಲ್ಲರಿಗೂ ತಾಲೀಮು. ನಮ್ಮ ಅಸ್ಸಾಮಿನವರೂ ಕಡಿಮೆಯವರಲ್ಲ. 1897ರ ನಂತರ ಅಲ್ಲಿ ಮರದ ಚೌಕಟ್ಟು, ಜೊಂಡು ಬಿದಿರುಗಳ ತೆಳುಗೋಡೆ, ಹಗುರ ಮಾಡಿನ ಮನೆಗಳು ಬಳಕೆಗೆ ಬಂದವು. ಅಸ್ಸಾಂ ಮಾದರಿ ಎಂದೇ ಅವಕ್ಕೆ ಹೆಸರು. ಬಿದ್ದರೂ ಕೊಲ್ಲದಂಥ ಮನೆಗಳು.

ಮೇಲಿಂದ ಮೇಲೆ ನಡುಗುವ ನೆಲ ನೆನಪನ್ನು ಹಸಿಯಾಗಿಡುತ್ತದೆ. ನೂರು ವರ್ಷಕ್ಕೊಮ್ಮೆ ನಡುಗುವ ನೆಲ ಮರೆವನ್ನು ಬೆಳೆಸುತ್ತದೆ. ಅದೂ ಪೂರ್ತಿ ನಿಜವೆಂದೇನಲ್ಲ. ಟರ್ಕಿ 1999ರಲ್ಲಿ ಹದಿನೇಳು ಸಾವಿರ ಜನರನ್ನು ಕಳೆದುಕೊಂಡ ಮೇಲೂ, ನಿಯಮ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುತ್ತಾ ಬಂತು. 2023ರ ಫೆಬ್ರವರಿಯಲ್ಲಿ ಅಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. "ಅಕ್ರಮ ಸಕ್ರಮ" ಎಂಬ ಮಾತು ನಮ್ಮ ಊರಿನಲ್ಲಿ ಯಾರಿಗೆ ಗೊತ್ತಿಲ್ಲ?

ಇನ್ನು ನಮ್ಮ ಬೀದಿಗೆ ಬರೋಣ. ತ್ಯಾಗರಾಜನಗರದ ಹಳೆಯ ಮನೆಗಳು ಒಂದೊಂದಾಗಿ ಹೋಗುತ್ತಿವೆ. ಕೆಂಪು ಗಾರೆ ನೆಲ, ಮುಂದೊಂದು ಜಗಲಿ, ಹಿಂದೆ ಬಾವಿ, ಎರಡು ತೆಂಗಿನಮರ ಇದ್ದ ನಿವೇಶನದಲ್ಲಿ ಈಗ ನಾಲ್ಕಂತಸ್ತು. ಅಣ್ಣತಮ್ಮಂದಿರಿಗೆ ಪಾಲಾಗಬೇಕು, ವಯಸ್ಸಾದವರಿಗೆ ಲಿಫ್ಟು ಬೇಕು. ನಾನು ಅದನ್ನು ಆಡಿಕೊಳ್ಳುವುದಿಲ್ಲ. ಆದರೆ ಈ ಕಟ್ಟಡಗಳಲ್ಲಿ ಬಹಳಷ್ಟಕ್ಕೆ ಕೆಳಗಡೆ ಗೋಡೆಯೇ ಇಲ್ಲ. ಕಾರು ನಿಲ್ಲಿಸಲು ಬರೀ ಕಂಬಗಳು. ಮೇಲಿನ ಮಹಡಿಗಳಲ್ಲಿ ಇಟ್ಟಿಗೆ ಗೋಡೆಗಳ ಭಾರ, ಬಿಗಿ. ತುಂಬಿದ ಕೊಡಗಳನ್ನು ಒಂದರ ಮೇಲೊಂದು ಹೊತ್ತು ಸಣಕಲು ಕಾಲ ಮೇಲೆ ನಿಂತ ಹಾಗೆ. ನೆಲ ಪಕ್ಕಕ್ಕೆ ಜಗ್ಗಿದರೆ ಪೆಟ್ಟೆಲ್ಲ ಆ ಕಾಲುಗಳಿಗೇ.

ಇದು ನನ್ನ ಕಲ್ಪನೆಯ ಭಯವಲ್ಲ. 2001ರ ಜನವರಿ 26ರಂದು ಗುಜರಾತಿನ ಭುಜ್ ಬಳಿ 7.7ರ ಭೂಕಂಪವಾದಾಗ, ಅಲ್ಲಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಹತ್ತಾರು ಅಪಾರ್ಟ್‌ಮೆಂಟುಗಳು ಕುಸಿದು ಏಳುನೂರಕ್ಕೂ ಹೆಚ್ಚು ಜನ ಸತ್ತರು. ಕುಸಿದವುಗಳಲ್ಲಿ ಹೆಚ್ಚಿನವು ಹೀಗೆ ಕೆಳಗೆ ಬರಿಗಂಬದ ಕಟ್ಟಡಗಳು. ಮೂರು ದಿನ ಬಿಟ್ಟು, ಜನವರಿ 29ರಂದು, ಬೆಂಗಳೂರು, ಮೈಸೂರು ಕಡೆಯೇ ಸಣ್ಣದೊಂದು ಕಂಪನವಾಯಿತು. ನಮ್ಮ ಅಡಿಗೆಮನೆಯ ಸ್ಟ್ಯಾಂಡಿನಲ್ಲಿ ಲೋಟಗಳು ಕಿಣಿಕಿಣಿ ಎಂದವು. ನೆರೆಹೊರೆಯವರೆಲ್ಲ ಬೀದಿಗೆ ಬಂದು, ಅರ್ಧ ಗಂಟೆ ಮಾತಾಡಿ, ಒಳಗೆ ಹೋದೆವು. ವಾರದಲ್ಲಿ ಆ ಮಾತೂ ಮುಗಿಯಿತು.

ಬಂಡೆಯ ಧೈರ್ಯವೂ ಊರಿನ ಎಲ್ಲರಿಗೂ ಇಲ್ಲ. ಬೆಂಗಳೂರು ಕೆರೆಗಳ ಊರಾಗಿತ್ತು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ. ನಮ್ಮ ಪಕ್ಕದ ಬಸವನಗುಡಿಯ ಕಾರಂಜಿ ಕೆರೆಯ ಹೆಸರು ಕಾರಂಜಿ ಆಂಜನೇಯನ ಗುಡಿಯಲ್ಲಷ್ಟೇ ಉಳಿಯಿತು. ತಟ್ಟೆಯಲ್ಲಿ ಗಿಣ್ಣು ಇಟ್ಟು ತಟ್ಟೆಯನ್ನು ಮೆಲ್ಲಗೆ ತಟ್ಟಿ ನೋಡಿ. ತಟ್ಟೆಗಿಂತ ಗಿಣ್ಣು ಹೆಚ್ಚು ಕುಣಿಯುತ್ತದೆ. ಕೆರೆ ತುಂಬಿಸಿದ ಮೆದುಮಣ್ಣೂ ಹಾಗೆ. 1985ರಲ್ಲಿ ಮೆಕ್ಸಿಕೋ ನಗರ ಹಾಳಾದದ್ದು ಅದರಿಂದಲೇ. ಭೂಕಂಪ ಆದದ್ದು ಮುನ್ನೂರೈವತ್ತು ಕಿಲೋಮೀಟರ್ ದೂರದಲ್ಲಿ, ನಗರ ಕೂತದ್ದು ಬತ್ತಿದ ಸರೋವರದ ಮೇಲೆ.

ಕಿಲ್ಲಾರಿಯ ಹೆಂಗಸರ ವಿಷಯ ಹೇಳದೆ ಈ ಬರಹ ಮುಗಿಯಬಾರದು. ಮನೆಗಳನ್ನು ಮತ್ತೆ ಕಟ್ಟುವ, ಬಿರುಕು ಬಿಟ್ಟವನ್ನು ಬಲಪಡಿಸುವ ಕೆಲಸ ಶುರುವಾದಾಗ, ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯ ಮೂಲಕ ಹಳ್ಳಿಯ ಮಹಿಳಾ ಮಂಡಲಗಳ ಹೆಂಗಸರನ್ನೇ "ಸಂವಾದ ಸಹಾಯಕ"ರನ್ನಾಗಿ ಮಾಡಿದರು. ಸರ್ಕಾರದ ಎಂಜಿನಿಯರಿಗೂ ಮನೆಯವರಿಗೂ ನಡುವೆ ನಿಂತು ಮಾತಾಡುವ ಕೆಲಸ. ಗೋಡೆಯ ಎರಡೂ ಮುಖವನ್ನು ಹಿಡಿಯುವ ಉದ್ದಕಲ್ಲು ಎಲ್ಲೆಲ್ಲಿ ಬೇಕು, ಬಾಗಿಲು ಕಿಟಕಿಗಳ ಮೇಲೆ ಮನೆಯ ಸುತ್ತ ಕಾಂಕ್ರೀಟಿನ ಪಟ್ಟಿ ಯಾಕೆ ಬೇಕು ಎಂಬುದನ್ನು ಅವರು ಕಲಿತರು, ಮೇಸ್ತ್ರಿಗಳ ಎದುರು ನಿಂತು ಕೇಳಿದರು. 2001ರಲ್ಲಿ ಗುಜರಾತು ಕುಸಿದಾಗ ಅವರಲ್ಲಿ ಕೆಲವರು ಅಲ್ಲಿಗೂ ಹೋಗಿ ಕಚ್ಛಿನ ಹೆಂಗಸರಿಗೆ ಧೈರ್ಯ ಹೇಳಿ, ತಾವು ಕಲಿತದ್ದನ್ನು ಹೇಳಿಕೊಟ್ಟರು.

ನಾವು ಪಟ್ಟಣದವರು ಹೊಸ ಮನೆ ನೋಡಲು ಹೋದರೆ ಅಡಿಗೆಮನೆಯ ಕಟ್ಟೆ, ದೇವರಮನೆಯ ದಿಕ್ಕು, ನೆಲದ ಟೈಲ್ಸು ನೋಡುತ್ತೇವೆ. ಇನ್ನು ನಾಲ್ಕು ಮಾತು ಕೇಳಿದರೆ ತಪ್ಪೇನು? ಮನೆಯ ನಕ್ಷೆ ಮಾಡಿದ ಎಂಜಿನಿಯರು ಭೂಕಂಪದ ಲೆಕ್ಕವನ್ನೂ ಹಾಕಿದ್ದಾರೆಯೇ? ಕೆಳಗಿನ ಕಂಬಗಳ ನಡುವೆ ಒಂದೆರಡು ಕಡೆಯಾದರೂ ನೆಲದಿಂದ ಮೇಲಿನವರೆಗೆ ಕಾಂಕ್ರೀಟ್ ಗೋಡೆ ಬಂದಿದೆಯೇ? ಕಂಬದ ಕಂಬಿಗಳ ಸುತ್ತ ಹಾಕುವ ರಿಂಗುಗಳು ಕಂಬದ ತುದಿಬುಡಗಳಲ್ಲಿ ಒತ್ತೊತ್ತಾಗಿವೆಯೇ? ಅವುಗಳ ಕೊಕ್ಕೆಯ ತುದಿ ಕಾಂಕ್ರೀಟಿನ ಒಳಕ್ಕೆ ಬಾಗಿದೆಯೇ? ಹಾಗೆ ಬಾಗಿರದಿದ್ದರೆ ಜಗ್ಗಿದಾಗ ರಿಂಗು ಬಿಚ್ಚಿಕೊಳ್ಳುತ್ತದೆ. ಈ ಜಾಗ ಹಿಂದೆ ಕೆರೆಯಾಗಿತ್ತೇ? ಕಟ್ಟುವಾಗಲೇ ಸರಿಯಾಗಿ ಕಟ್ಟಿದರೆ ತಗಲುವ ಖರ್ಚು, ಗೃಹಪ್ರವೇಶಕ್ಕೆ ನಾವು ಮಾಡುವ ಖರ್ಚಿನ ಮುಂದೆ ಅಂಥ ದೊಡ್ಡದಾಗಿ ಕಾಣಲಿಕ್ಕಿಲ್ಲ.

ಎದುರುಮನೆಯ ಅಜ್ಜಿಯ ಎರಡನೆಯ ಪ್ರಶ್ನೆಗೆ ಈಗ ನನಗೆ ತೋಚುವ ಉತ್ತರ ಇಷ್ಟು. ನೆಲ ನಡುಗುವುದಕ್ಕೆ ಯಾರ ಪಾಪವೂ ಕಾರಣವಲ್ಲ. ಅದು ಭೂಮಿಯ ಸ್ವಭಾವ, ಕೆಲವು ದೇಶಗಳ ಹಣೆಬರಹ. ಆದರೆ ಗೋಡೆ ಬೀಳುವುದಕ್ಕೆ ಲೆಕ್ಕ ಕೇಳಬಹುದು, ಕೇಳಬೇಕು. ಕಂಬಿ ಉಳಿಸಿದವರು ಯಾರು, ನಕ್ಷೆಗೆ ಕಣ್ಣುಮುಚ್ಚಿ ಸಹಿ ಹಾಕಿದವರು ಯಾರು, ಕೇಳಬೇಕಾದಾಗ ಸುಮ್ಮನಿದ್ದವರು ಯಾರು ಎಂದು. ಮುನ್ನೂರು ಕೋಟಿ ವರ್ಷದ ಬಂಡೆ ನಮ್ಮನ್ನು ಹೊತ್ತಿದೆ, ಅದು ನಮ್ಮ ಪುಣ್ಯ. ಅದರ ಮೇಲಿನ ನಾಲ್ಕಂತಸ್ತಿಗೆ ಮಾತ್ರ ನಾವೇ ಹೊಣೆ.